ಗಾಳಿಯಕ್ಕ ಮತ್ತು ತಾನಾಗಿ ತುಂಬುವ ಹಾಸಿಗೆ

ಗಾಳಿಯಕ್ಕ ಕೂತಿದ್ದನ್ನು ಕಂಡವರು ಆ ಬೀದಿಯಲ್ಲಿ ಕಡಿಮೆ. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಅವಳ ಪಂಕ್ಚರ್ ಅಂಗಡಿ. ಬಾಗಿಲಲ್ಲಿ ನೇತಾಡುವ ಹಳೇ ಟೈರೇ ಬೋರ್ಡು. ಒಳಗೆ ಒಂದು ಸ್ಟೂಲು ಇದೆ ನಿಜ, ಆದರೆ ಅದರ ಮೇಲೆ ಯಾವಾಗಲೂ ಪ್ಯಾಚು ಅಂಟಿಸುವ ಸೊಲ್ಯೂಷನ್ ಡಬ್ಬಿ, ಕತ್ತರಿ, ಉಪ್ಪುಕಾಗದ ಇರುತ್ತವೆ, ಅವಳು ಇರುವುದಿಲ್ಲ. ಗಿರಾಕಿ ಇದ್ದರೆ ಬಗ್ಗಿ ಚಕ್ರ ಬಿಚ್ಚುತ್ತಾಳೆ. ಗಿರಾಕಿ ಇಲ್ಲದಿದ್ದರೆ ಬಾಗಿಲಿಗೂ ನೀರಿನ ತೊಟ್ಟಿಗೂ ನಡುವೆ ಓಡಾಡುತ್ತಾಳೆ. ಕೆಲವರು ಸುಮ್ಮನಿದ್ದು ದಣಿವಾರಿಸಿಕೊಳ್ಳುತ್ತಾರೆ. ಅವಳು ಸುಮ್ಮನಿದ್ದರೇ ದಣಿಯುತ್ತಿದ್ದಳು.

ಅಂಗಡಿ ಅಪ್ಪನದು. ಅಪ್ಪ ಹೋದ ಮೇಲೆ ಕೊಳ್ಳುತ್ತೇವೆಂದು ಬಂದವರಿಗೆಲ್ಲ ಅವಳು, "ಯಾಕೆ, ನಾನು ಸತ್ತಿದ್ದೀನಾ?" ಎಂದು ಕೇಳಿ ಕಳಿಸಿದ್ದಳು. ಆಗ ಅವಳಿಗೆ ಇಪ್ಪತ್ತು ದಾಟಿರಲಿಲ್ಲ. ಈಗ ತಲೆ ಅರ್ಧ ನರೆತಿದೆ. ಅಂದಿನಿಂದ ಇಂದಿನವರೆಗೆ ಅವಳು ನಂಬಿದ್ದು ಎರಡನ್ನು. ಒಂದು, ಬೆಳಗ್ಗೆ ಕಂಪ್ರೆಸರಿನ ಗುಂಡಿ ಒತ್ತುವ ಮೊದಲು ಕಣ್ಣು ಮುಚ್ಚಿ ನೆನೆಯುವ ದೇವರನ್ನು. ಇನ್ನೊಂದು, ತನ್ನ ಬಲಗೈ ಹೆಬ್ಬೆರಳನ್ನು. ಟೈರಿನ ಮೇಲೆ ಆ ಹೆಬ್ಬೆರಳು ಊರಿದರೆ ಸಾಕು, ಗಾಳಿ ಎಷ್ಟಿದೆ ಎಂದು ಗೊತ್ತಾಗುತ್ತಿತ್ತು. ಮೆತ್ತಗಿದ್ದರೆ ಅದು ರೋಗ, ಗಟ್ಟಿಯಾದರೆ ಗುಣ. ಸೈಕಲ್ಲಿಗೂ ಅದೇ ನ್ಯಾಯ, ಲಾರಿಗೂ ಅದೇ ನ್ಯಾಯ, ಮನುಷ್ಯರಿಗೂ ಹೆಚ್ಚುಕಮ್ಮಿ ಅದೇ.

ಆದ್ದರಿಂದ ತಂಗಿ ಮೆತ್ತಗಾದದ್ದು ಅವಳಿಗೆ ಸಹಿಸಲಾಗದಾಗಿತ್ತು.

ಗಂಡ ತೀರಿಕೊಂಡ ಮೇಲೆ ತಂಗಿ ಮಗಳನ್ನು ಕರೆದುಕೊಂಡು ಅಂಗಡಿಯ ಹಿಂದಿನ ಮನೆಗೇ ಬಂದಿದ್ದಳು. ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಗಿರಾಕಿಗಳು ಬಿಡಿಸಿ, ಕೆದಕಿ, ಬೇಡವೆಂದು ಬಿಟ್ಟುಹೋದ ಬಟ್ಟೆಗಳನ್ನು ಮತ್ತೆ ಹೊಸದರಂತೆ ಮಡಿಸಿಡುವುದು. ಅವಳು ಮಡಿಸಿದ ಹೊದಿಕೆಯ ಅಂಚಿಗೆ ಕೈ ಕೊಯ್ಯಬಹುದು ಎಂದು ಅಲ್ಲಿಯವರು ತಮಾಷೆ ಮಾಡುತ್ತಿದ್ದರು. ಕಳೆದ ಚಳಿಗಾಲದಲ್ಲಿ ಗಂಟಲವರೆಗೆ ಹೊದಿಕೆಗಳನ್ನು ಹೊತ್ತು ಮೆಟ್ಟಿಲಿಳಿಯುವಾಗ ಕಾಲು ಜಾರಿ ಬಲ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಒಳಗೆ ಲೋಹದ ಪಟ್ಟಿ ಕೂತಿತು, ಮೂಳೆ ಕೂಡಿಕೊಂಡಿತು. "ಎಲ್ಲಾ ಸರಿಯಾಗಿದೆ, ಇನ್ನು ಮೊದಲಿನ ಹಾಗೆ ಓಡಾಡಿ" ಎಂದು ಡಾಕ್ಟರು ಹೇಳಿಯೂ ಆಯಿತು.

ಆದರೆ ಮನೆಯಲ್ಲಿ ಏನೂ ಮೊದಲಿನ ಹಾಗಾಗಲಿಲ್ಲ. ತಂಗಿ ಗೋಡೆಗೆ ತಾಗಿಸಿದ ಮಂಚದ ಮೇಲೆ, ಎರಡೂ ಪಕ್ಕ ದಿಂಬು ಒತ್ತಿಸಿಕೊಂಡು, ಅಂಗಾತ ಮಲಗುತ್ತಿದ್ದಳು. ದಿಂಬು ಒತ್ತುವವಳು ಅಕ್ಕ. ನೀರು ತಂದುಕೊಡುವವಳು ಅಕ್ಕ. ತಂಗಿ ಕೈ ಚಾಚುವ ಮೊದಲೇ ಊರುಗೋಲು ಅವಳ ಕೈಗೆ ಬರುತ್ತಿತ್ತು.

ಒಂದು ಸಂಜೆ ಬಟ್ಟೆ ಅಂಗಡಿಯಿಂದ ಫೋನು ಬಂತು. ಕೆಲಸಕ್ಕೆ ಬರುತ್ತೀರಾ, ಇಲ್ಲಾ ಬೇರೆಯವರನ್ನು ನೋಡಿಕೊಳ್ಳಲಾ ಎಂದು ಕೇಳಿದ್ದರು. ತಂಗಿ ಫೋನು ಕೆಳಗಿಟ್ಟು ಗೋಡೆ ನೋಡಿದಳು.

"ಅಕ್ಕ, ಕೆರೆ ದಂಡೆಗೆ ಹೋಗಿ ಒಂದು ರಾತ್ರಿ ಮಲಗಬೇಕು ನಾನು."

"ಏನು?"

"ಅಪ್ಪ ಸ್ಕೂಟರಲ್ಲಿ ಕರ್ಕೊಂಡು ಹೋಗ್ತಿದ್ರಲ್ಲ, ಆ ಕೆರೆ. ಈಗ ಅಲ್ಲಿ ಟೆಂಟು ಕೊಡ್ತಾರಂತೆ. ಒಂದು ರಾತ್ರಿ ಅಂತ ಅಪ್ಪ ಹೇಳ್ತಾನೇ ಹೋದ್ರು, ಅಂಗಡಿ ಬಿಡ್ಲಿಲ್ಲ."

"ಅದಕ್ಕೂ ನಿನ್ನ ಕೆಲಸಕ್ಕೂ ಏನೇ ಸಂಬಂಧ?"

"ಈ ಗೋಡೆ ಇಲ್ಲದೆ, ಈ ದಿಂಬು ಇಲ್ಲದೆ, ನೆಲದ ಮೇಲೆ ಮಲಗಿ ಬೆಳಗ್ಗೆ ನಾನೇ ಎದ್ದು ನಿಂತರೆ ಸೋಮವಾರ ಬರ್ತೀನಿ ಅಂತ ಹೇಳ್ತೀನಿ. ಇಲ್ಲದಿದ್ರೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಹೇಳ್ಬಿಡ್ತೀನಿ. ಯಾರನ್ನೋ ಕೇಳಿ ತಿಳ್ಕೊಳ್ಳೋ ವಿಷಯ ಅಲ್ಲ ಇದು. ನನಗೇ ಗೊತ್ತಾಗ್ಬೇಕು."

ತಂಗಿ ದನಿ ಎತ್ತಿ ಮಾತಾಡುವವಳಲ್ಲ. ಅವಳು ದನಿ ಎತ್ತದೆ ಹೇಳಿದ್ದು ನಡೆದೇ ತೀರುತ್ತದೆ ಎಂದು ಅಕ್ಕನಿಗೆ ಚಿಕ್ಕಂದಿನಿಂದ ಗೊತ್ತು. 

ಟೆಂಟು ಅಲ್ಲಿಯೇ ಸಿಗುತ್ತದೆ, ಹಾಸಿಗೆ ನಾವೇ ಒಯ್ಯಬೇಕು ಎಂದು ತಂಗಿಯ ಮಗಳು ವಿಚಾರಿಸಿ ಹೇಳಿದಳು. ಹತ್ತಿಯ ಹಾಸಿಗೆ ಅವಳ ಪುಟ್ಟ ಕಾರಿನೊಳಗೆ ಹಿಡಿಸುವುದಿಲ್ಲ. ಹಿಡಿಸಿದರೂ ಕೆರೆ ದಂಡೆಯ ತೇವವನ್ನೆಲ್ಲ ಹೀರುತ್ತದೆ. ಬರೀ ಗಾಳಿ ತುಂಬುವ ಹಾಸಿಗೆ ದೋಣಿಯ ಹಾಗೆ ಅಲ್ಲಾಡುತ್ತದೆ, ಏಳಲು ಹೋದರೆ ಸೊಂಟಕ್ಕೆ ಆಸರೆ ಸಿಗುವುದಿಲ್ಲ. "ಒಳಗೆ ಸ್ಪಂಜು ಇರೋದು ಬರುತ್ತೆ ದೊಡ್ಡಮ್ಮ, ವಾಲ್ವ್ ತೆಗೆದಿಟ್ರೆ ತಾನಾಗಿ ಗಾಳಿ ಎಳ್ಕೊಳ್ಳುತ್ತೆ" ಎಂದಳು.

"ತಾನಾಗಿ? ಗಾಳಿ ತಾನಾಗಿ ಆಚೆ ಹೋಗೋದನ್ನ ಜೀವಮಾನವೆಲ್ಲ ನೋಡಿದ್ದೀನಿ. ಒಳಗೆ ಹೋಗೋದನ್ನ ನೋಡಿಲ್ಲ."

ಆದರೂ ಮರುದಿನವೇ ಅಂಗಡಿಗೆ ಅರ್ಧ ಬಾಗಿಲು ಎಳೆದು, ಚಾರಣದ ಸಾಮಾನು ಮಾರುವಲ್ಲಿಗೆ ಒಬ್ಬಳೇ ಹೋದಳು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ ಬೋಳುತಲೆಯ ಅಂಗಡಿಯವರು ಅವಳ ಕಪ್ಪು ಹಿಡಿದ ಉಗುರು ನೋಡಿ, ಮುಖ ನೋಡಿ, ಸಮಾಧಾನವಾಗಿ ವಿಚಾರಿಸಿದರು.

"ಯಾರಿಗೆ ಮೇಡಂ?"

"ನನ್ನ ತಂಗಿಗೆ. ಸೊಂಟ ಮುರಿದಿತ್ತು, ಈಗ ಸರಿಯಾಗಿದೆ."

"ಅವರನ್ನೇ ಕರ್ಕೊಂಡು ಬರಬಹುದಿತ್ತಲ್ಲ?"

"ಅವಳಿಗೇನು ಬೇಕು ಅಂತ ನನಗೆ ಗೊತ್ತು."

"ಒಳ್ಳೇದು. ಯಾವ ಮಗ್ಗುಲಲ್ಲಿ ಮಲಗ್ತಾರೆ?"

"ಅಂಗಾತ."

"ಯಾವಾಗಲೂ?"

ಗಾಳಿಯಕ್ಕ ತಡವರಿಸಿದಳು. ಈಗ ಅಂಗಾತ. ಮೊದಲು? ಚಿಕ್ಕಂದಿನಲ್ಲಿ ಒಂದೇ ಚಾಪೆಯ ಮೇಲೆ ವರ್ಷಗಟ್ಟಲೆ ಮಲಗಿದ್ದರು. ತಂಗಿಯ ಮೊಣಕಾಲು ತನ್ನ ಬೆನ್ನಿಗೆ ಗುದ್ದುತ್ತಿದ್ದುದು ನೆನಪಿತ್ತು. ಹಾಗಾದರೆ ಮಗ್ಗುಲಾಗಿಯೇ ಇರಬೇಕು. ಎಡವೋ ಬಲವೋ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವಳಿಗೆ ಯಾಕೋ ಮುಜುಗರವಾಯಿತು.

"ಮಗ್ಗುಲಾಗಿನೂ ಮಲಗ್ತಾಳೆ ಅಂತಿಟ್ಕೊಳ್ಳಿ."

"ಹಾಗಾದ್ರೆ ತೆಳುವಾದ್ದು ಬೇಡ. ಮಗ್ಗುಲಾದರೆ ಭಾರವೆಲ್ಲ ಸೊಂಟ, ಭುಜದ ಮೇಲೇ ಬೀಳುತ್ತೆ, ತೆಳುವಾದ್ದರಲ್ಲಿ ಮೂಳೆ ಹೋಗಿ ನೆಲಕ್ಕೆ ತಾಗುತ್ತೆ. ತೆಳುವಾದ್ದು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತೋರಿಗೆ. ನೀವು ಕಾರಲ್ಲಿ ಹೋಗೋರು, ತೂಕ ಇದ್ರೂ ಪರವಾಗಿಲ್ಲ. ದಪ್ಪದ್ದು, ಅಗಲದ್ದು ತಗೊಳ್ಳಿ. ಕೆರೆ ಅಂದ್ರಲ್ಲ, ನೆಲದ ಥಂಡಿ ಮೇಲೆ ಬರುತ್ತೆ. ಈ ಚೀಟೀಲಿರೋ ಅಂಕಿ ನೋಡಿ, ಅಂಕಿ ದೊಡ್ಡದಾದಷ್ಟೂ ಬೆಚ್ಚಗೆ. ಮಲಗಿ ನೋಡಿ ಒಂದ್ಸಲ."

ಅವಳು ಅಲ್ಲೇ ನೆಲದ ಮೇಲೆ ಹಾಸಿದ್ದರ ಮೇಲೆ ಮಲಗಿ, ತಕ್ಷಣ ಎದ್ದು ನಿಂತಳು. "ಚೆನ್ನಾಗಿದೆ."

"ಅಯ್ಯೋ, ಸ್ವಲ್ಪ ಹೊತ್ತು ಮಲಗಿ ಮೇಡಂ. ಒಂದು ಕ್ಷಣಕ್ಕಾದ್ರೆ ಜಗತ್ತಿನ ಎಲ್ಲಾ ಹಾಸಿಗೆನೂ ಚೆನ್ನಾಗೇ ಇರುತ್ತೆ."

"ನನಗೆ ಅಂಗಡಿ ಇದೆ."

ಅವರು ನಕ್ಕು ಸುರುಳಿ ಸುತ್ತುತ್ತಾ ಹೇಳಿದರು: "ಇದರ ಬಟ್ಟೆಗೂ ಒಳಗಿನ ಸ್ಪಂಜಿಗೂ ಅಂಟು ಹಾಕಿರ್ತಾರೆ. ಸ್ಪಂಜು ಏಳ್ತಾ ಏಳ್ತಾ ಗಾಳಿ ಎಳ್ಕೊಳ್ಳುತ್ತೆ. ಆದ್ರೆ ಕಾರ್ಖಾನೆಯಿಂದ ಬಿಗಿಯಾಗಿ ಸುತ್ತಿ ಬಂದಿರುತ್ತಲ್ಲ, ಮೊದಲನೇ ಸಲ ತುಂಬಾ ನಿಧಾನ. ಮನೆಗೆ ಹೋದ ಕೂಡಲೇ ಬಿಚ್ಚಿ, ವಾಲ್ವ್ ತೆಗೆದು, ನಾಳೆವರೆಗೆ ಅದರ ಪಾಡಿಗೆ ಬಿಟ್ಬಿಡಿ. ಕೊನೇಲಿ ಬೇಕಾದ್ರೆ ಬಾಯಿಂದ ಎರಡು ಉಸಿರು ಊದಿ, ಅಷ್ಟೇ."

"ಬಾಯಿಂದ ಯಾಕೆ? ನನ್ನ ಹತ್ರ ಕಂಪ್ರೆಸರ್ ಇದೆ."

ಅವರು ಅದನ್ನು ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ಅವಳೂ ಮರ್ಯಾದೆಗೆ ನಕ್ಕಳು. ತಂಗಿಗೆ ದಪ್ಪದ್ದೊಂದು, ತನಗೆ ತೆಳುವಾದ್ದೊಂದು ಕಟ್ಟಿಸಿಕೊಂಡು ಹೊರಟಳು. ತಾನು ಎಲ್ಲಿ ಬೇಕಾದರೂ ಬಿದ್ದುಕೊಳ್ಳುತ್ತೇನೆ ಎನ್ನುವುದು ಅವಳ ಲೆಕ್ಕ.

ಮನೆಗೆ ಬಂದ ಕೂಡಲೇ ಬಿಚ್ಚಬೇಕಿತ್ತು. ಆದರೆ ಅಂಗಡಿ ಮುಂದೆ ಒಂದು ಲಾರಿ ನಿಂತಿತ್ತು, ಅದರ ಹಿಂದೆ ಎರಡು ಬೈಕು. ಸುರುಳಿಗಳು ಟೈರುಗಳ ಮೇಲೆ ಹತ್ತಿ ಕೂತವು, ಕೂತಲ್ಲೇ ಮರೆತೂ ಹೋದವು. ನೆನಪಾದದ್ದು ಹೊರಡುವ ಹಿಂದಿನ ದಿನ ಮಧ್ಯಾಹ್ನ.

ಅಂಗಡಿಯ ನೆಲ ಗುಡಿಸಿ ಎರಡನ್ನೂ ಬಿಚ್ಚಿ ಹಾಸಿದಳು. ತನ್ನದನ್ನು ನೀರಿನ ತೊಟ್ಟಿಯ ಪಕ್ಕದ ಮೂಲೆಗೆ ತಳ್ಳಿ, ತಂಗಿಯದನ್ನು ನಡುವೆ ಎಳೆದು, ವಾಲ್ವುಗಳನ್ನು ತಿರುಗಿಸಿ ನಿಂತಳು. ಏನೂ ಆಗಲಿಲ್ಲ. ಕಿವಿ ಹತ್ತಿರ ತಂದಳು. ಸೂಜಿ ತೂತಿನ ಟ್ಯೂಬಿನಷ್ಟು ಸಣ್ಣ ಸದ್ದು, ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ಬಾಗಿಲಿಗೆ ಹೋಗಿ ಬಂದಳು. ಹೆಬ್ಬೆರಳು ಊರಿದಳು. ನೆಲ ಸಿಕ್ಕಿತು. ಒಂದು ಸೈಕಲ್ಲಿಗೆ ಗಾಳಿ ಹಿಡಿದು ಬಂದು ಮತ್ತೆ ಊರಿದಳು. ಮತ್ತೆ ನೆಲ.

"ತಾನಾಗಿ ತುಂಬುತ್ತಂತೆ, ತಾನಾಗಿ!" ಎಂದು ಹಾಸಿಗೆಯನ್ನು ಗದರಿಸಿದಳು.

ಅವಳೊಳಗೆ ಏನೋ ಕುದಿಯುತ್ತಿತ್ತು. ನಾಳೆ ತಂಗಿ ಇದರ ಮೇಲೆ ಮಲಗಬೇಕು. ಇದು ಹೀಗೇ ಚಪ್ಪಟೆಯಾಗಿದ್ದರೆ ಆ ಸೊಂಟ ಹೋಗಿ ಕಲ್ಲಿಗೆ ತಾಗುತ್ತದೆ. ತಾಗಿದರೆ ಏಳಲಾಗುವುದಿಲ್ಲ. ಏಳಲಾಗದಿದ್ದರೆ ಸೋಮವಾರವೂ ಇಲ್ಲ, ಕೆಲಸವೂ ಇಲ್ಲ. ತಂಗಿ ಜೀವನವಿಡೀ ಆ ಗೋಡೆ ನೋಡುತ್ತಾ ಕೂರುತ್ತಾಳೆ. ಹೀಗೆ ಒಂದರ ಹಿಂದೆ ಒಂದು ಯೋಚನೆ ಓಡುತ್ತಿದ್ದಾಗ ಅವಳ ಕೈ ತಾನಾಗಿಯೇ ಕಂಪ್ರೆಸರಿನ ಪೈಪನ್ನು ಹಿಡಿದಿತ್ತು.

ಪೈಪಿನ ತುದಿ ಆ ಅಗಲ ವಾಲ್ವಿಗೆ ಕೂರಲಿಲ್ಲ. ಚಿಂದಿ ಬಟ್ಟೆ ಸುತ್ತಿ ಒತ್ತಿ ಹಿಡಿದಳು. ಹಾಸಿಗೆ ಎದೆಯುಬ್ಬಿಸಿ ಎದ್ದಿತು. ಅವಳ ಮುಖವೂ ಅರಳಿತು. ಅಷ್ಟರಲ್ಲಿ ದಿನಾ ಬರುವ ಆಟೋದವನು ಬಂದು ಬಾಗಿಲಲ್ಲಿ ನಿಂತ.

"ಏನಕ್ಕಾ, ಹೊಸ ಥರದ ಟ್ಯೂಬು? ಯಾವ ಗಾಡೀದು?"

"ನಮ್ಮ ತಂಗಿ ಗಾಡೀದು. ಸುಮ್ನಿರು."

ಹೆಬ್ಬೆರಳು ಊರಿದಳು. ಇನ್ನೂ ಮೆತ್ತಗೆ. ಇನ್ನೂ ಸ್ವಲ್ಪ ಗಾಳಿ ತುಂಬಿದಳು. ಈಗಲೂ ಟೈರಿನಷ್ಟು ಗಟ್ಟಿಯಿಲ್ಲ. ಇನ್ನೊಂಚೂರು.

ಪರ್ರ್ ಎಂದು ಒಳಗೆಲ್ಲೋ ಬಟ್ಟೆ ಹರಿದ ಸದ್ದಾಯಿತು. ಹೊರಗೆ ಏನೂ ಹರಿದಿರಲಿಲ್ಲ. ಹಾಸಿಗೆಯ ನಡುವೆ ಒಂದು ಗುಬುಟು ಎದ್ದಿತು. ಅವಳು ಪೈಪು ಕಿತ್ತುಕೊಳ್ಳುವಷ್ಟರಲ್ಲಿ ಅದು ಬೆಳೆದು, ಎರಡು ಕುಂಬಳಕಾಯಿ ಒಳಗಿಟ್ಟ ಹಾಗೆ ಗುಂಡಗೆ ನಿಂತಿತು. ಅಂಗಡಿಯವರು ಹೇಳಿದ ಅಂಟು ಬಿಟ್ಟುಹೋಗಿತ್ತು. ಬಟ್ಟೆ ಒಂದು ಕಡೆ, ಸ್ಪಂಜು ಒಂದು ಕಡೆ.

ಆಟೋದವನು ಹತ್ತಿರ ಬಂದು, ಬಗ್ಗಿ, ಬಹಳ ವಿನಯದಿಂದ ಕೇಳಿದ:

"ಎಷ್ಟನೇ ತಿಂಗಳು ಅಕ್ಕಾ ಇದಕ್ಕೆ?"

ಬೇರೆ ದಿನವಾಗಿದ್ದರೆ ಅವಳು ಸ್ಪ್ಯಾನರು ತೋರಿಸಿ ಓಡಿಸುತ್ತಿದ್ದಳು. ಅಂದು ಆ ಗುಬುಟನ್ನೇ ಒತ್ತಿ ನೋಡಿದಳು. ಹೊರಗಿನ ತೂತಾದರೆ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಹುಡುಕಿ, ಉಜ್ಜಿ, ಪ್ಯಾಚು ಒತ್ತುತ್ತಿದ್ದಳು. ಇದು ಒಳಗಿನದು. ಇದಕ್ಕೆ ಅವಳ ಅಂಗಡಿಯಲ್ಲಿ ಮದ್ದಿರಲಿಲ್ಲ. ಮಾರಿದವರ ಅಂಗಡಿಗೆ ಅಂದು ವಾರದ ರಜೆ. ತೆರೆದಿದ್ದರೂ ಏನೆಂದು ಮುಖ ತೋರಿಸುವುದು?

ಸಂಜೆಯವರೆಗೂ ಅಂಗಡಿಯಲ್ಲೇ ಸುಳಿದಾಡಿ, ಮುಳ್ಳಿನ ಮೇಲೆ ಕಾಲಿಡುವವಳಂತೆ ಮನೆಯೊಳಗೆ ಹೋದಳು. ತಂಗಿ ನಾಳೆಗೆಂದು ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ಗಾಳಿ ಯಾಕೋ ತಣ್ಣಗಾಗಿದೆ ಪುಟ್ಟಿ. ಕೆರೆ ಕಡೆ ಇನ್ನೂ ಜಾಸ್ತಿ ಇರುತ್ತೆ. ಮುಂದಿನ ತಿಂಗಳು ಹೋದ್ರೆ ಆಗಲ್ವಾ?" ಎಂದು ತಂಗಿಯನ್ನು ಕೇಳಿದಳು.

ತಂಗಿ ತಲೆಯೆತ್ತಿ ಅಕ್ಕನನ್ನು ನೋಡಿದಳು.

"ಏನು ಒಡೆದೆ?"

"ನಾನೇನು ಒಡೆದೆ?"

"ಹಾಲಿನ ಪಾತ್ರೆ ಬೀಳಿಸಿದಾಗ ಮೋಡ ಆಗಿದೆ ಅಂದೆ. ನನ್ನ ಕನ್ನಡಕ ತುಳಿದಾಗ ಬಿಸಿಲು ಜಾಸ್ತಿ ಅಂದೆ. ಏನು ಒಡೆದೆ, ಹೇಳು."

ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಗಾಳಿಯಕ್ಕ ಹೋಗಿ ಆ ಬಸುರಿ ಹಾಸಿಗೆಯನ್ನು ಎದೆಗವಚಿ ತಂದಳು. ಅದನ್ನು ಕಂಡು ತಂಗಿ ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಅವಳ ಮುಖ ಬೇರೆಯಾಯಿತು.

"ಅಕ್ಕ, ಇದರ ಮೇಲೆ ಮಲಗಬೇಕಾದವಳು ಯಾರು?"

"ನೀನು."

"ಮತ್ತೆ ಒಂದ್ಸಲನಾದ್ರೂ ನನಗೆ ಯಾಕೆ ತೋರಿಸ್ಲಿಲ್ಲ? ಆರಿಸೋಳೂ ನೀನೇ, ಊದೋಳೂ ನೀನೇ, ಒಡೆಯೋಳೂ ನೀನೇ. ಈಗ ಹೋಗೋದು ಬೇಡ ಅನ್ನೋಳೂ ನೀನೇ."

ಗಾಳಿಯಕ್ಕ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಆ ಗುಬುಟಿನ ಮೇಲೆಯೇ ಇಟ್ಟುಕೊಂಡು ನಿಂತಳು.

"ಇನ್ನೊಂದು ಎಲ್ಲಿ? ನಿನ್ನದು?" ಎಂದಳು ತಂಗಿ.

ಮಗಳು ಅಂಗಡಿಗೆ ಓಡಿದಳು. ಅಲ್ಲಿಂದಲೇ ಕೂಗಿದಳು: "ದೊಡ್ಡಮ್ಮ, ಇದಕ್ಕೆ ನೀವು ಏನೂ ಮಾಡಿಲ್ವಾ?"

"ಇಲ್ಲ, ಅದನ್ನ ಮರೆತೇಬಿಟ್ಟೆ."

"ಅದಕ್ಕೇ ಚೆನ್ನಾಗಿದೆ!"

ತೊಟ್ಟಿಯ ಪಕ್ಕದ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬಿದ್ದಿದ್ದ ತೆಳು ಹಾಸಿಗೆ ಸದ್ದಿಲ್ಲದೆ ಗಾಳಿ ಎಳೆದುಕೊಂಡು, ಅಂಚಿನಿಂದ ಅಂಚಿಗೆ ಸಮನಾಗಿ ತುಂಬಿತ್ತು. ಗಾಳಿಯಕ್ಕ ಅದನ್ನು ನೋಡಿದಳು. ತಾನು ಆಚೀಚೆ ಓಡಾಡುತ್ತಿದ್ದಷ್ಟು ಹೊತ್ತೂ ಇದು ಕಾಲ ಬುಡದಲ್ಲೇ ತುಂಬುತ್ತಿತ್ತಲ್ಲ ಎಂದು ನಾಚಿಕೆಯಾಯಿತು.

ತಂಗಿ ಎರಡನ್ನೂ ನಡುಮನೆಯಲ್ಲಿ ಹಾಸಲು ಹೇಳಿದಳು. ಕೆಟ್ಟ ಹಾಸಿಗೆಯ ಗಾಳಿಯನ್ನು ಬಹುತೇಕ ಬಿಟ್ಟುಬಿಟ್ಟರೆ ಗುಬುಟು ಇಳಿದು ಒಳಗಿನ ಸ್ಪಂಜಾದರೂ ಉಳಿಯುತ್ತದೆ. ಅದು ಅಡಿಗೆ, ತೆಳುವಾದ್ದು ಮೇಲಕ್ಕೆ. ಬಟ್ಟೆಯ ದಪ್ಪ, ಸುಕ್ಕು, ಮಡಿಕೆ ಎಲ್ಲ ಅವಳ ಕೈಗೆ ಬಂದ ವಿದ್ಯೆ. ಆಮೇಲೆ ಅವಳು ಊರುಗೋಲನ್ನು ಗೋಡೆಗೆ ಒರಗಿಸಿ ಸ್ಟೂಲು ತರಿಸಿದಳು. ಬಿದ್ದಂದಿನಿಂದ ಅವಳು ನೆಲದ ಮೇಲೆ ಕೂತಿರಲಿಲ್ಲ. ಸ್ಟೂಲು ಹಿಡಿದು, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ, ಮೊದಲು ಒಂದು ಮೊಣಕಾಲು ಊರಿದಳು. ಅಕ್ಕನ ಎರಡೂ ಕೈಗಳು ಮುಂದೆ ಬಂದವು.

"ಮುಟ್ಟಬೇಡ."

ಕೈಗಳು ಗಾಳಿಯಲ್ಲೇ ನಿಂತವು. ತಂಗಿ ಇನ್ನೊಂದು ಮೊಣಕಾಲು ಊರಿ, ಅಂಗೈ ಊರಿ, ನಿಧಾನವಾಗಿ ಮಗ್ಗುಲಾಗಿ ಉರುಳಿ ಮಲಗಿದಳು. ಅಕ್ಕನ ಹಣೆ ಬೆವೆತಿತ್ತು.

"ಹೇಗಿದೆ?"

"ಗಟ್ಟಿ. ಇನ್ನೂ ಗಾಳಿ ಬಿಡಬೇಕು."

ಗಾಳಿಯಕ್ಕ ಹೆಬ್ಬೆರಳು ಊರಿ ನೋಡಿದಳು. "ಏನೇ, ಇದೇ ಮೆತ್ತಗಿದೆಯಲ್ಲ! ಇನ್ನೂ ಸ್ವಲ್ಪ ಊದಬೇಕು ಇದಕ್ಕೆ."

"ನಿನ್ನ ಹೆಬ್ಬೆರಳಿಗೆ ಸೊಂಟ ಇದೆಯಾ?"

ಮಗಳು ಗೋಡೆಗೆ ತಿರುಗಿ ನಕ್ಕಳು. ತಂಗಿ ಮಲಗಿದಲ್ಲಿಂದಲೇ ವಾಲ್ವಿಗೆ ಕೈ ಚಾಚಿ, ಸ್ವಲ್ಪ ತಿರುಗಿಸಿ, ಗಾಳಿ ಬಿಟ್ಟಳು, ಮುಚ್ಚಿದಳು. ಹೊರಳಿ ನೋಡಿದಳು. ಮತ್ತೆ ಚೂರು ಬಿಟ್ಟಳು. ಅವಳ ಸೊಂಟ ಹಾಸಿಗೆಯೊಳಗೆ ಇಳಿದು ಜಾಗ ಮಾಡಿಕೊಂಡಿತು. ಕೆಳಗೆ ಅಂಗೈ ತೂರಿಸಿ ನೆಲಕ್ಕೆ ತಾಗುತ್ತಿಲ್ಲವೆಂದು ನೋಡಿಕೊಂಡಳು. "ಇಷ್ಟು," ಎಂದಳು. ಅಷ್ಟು ಮೆತ್ತಗಿರುವ ಟೈರು ಹಾಕಿಕೊಂಡು ಯಾರಾದರೂ ಅಂಗಡಿಗೆ ಬಂದಿದ್ದರೆ ಗಾಳಿಯಕ್ಕ ಅವರನ್ನು ಬೈದು ಕಳಿಸುತ್ತಿದ್ದಳು. ಈಗ ತುಟಿ ಕಚ್ಚಿಕೊಂಡು ನೋಡಿದಳು.

ಮರುದಿನ ಮಗಳು ಇಬ್ಬರನ್ನೂ ಕೆರೆ ದಂಡೆಯಲ್ಲಿ ಇಳಿಸಿ, ಬೆಳಗ್ಗೆ ಬರುತ್ತೇನೆಂದು ಹೋದಳು. ಟೆಂಟಿನ ನೆಲ ನುಣ್ಣಗಿತ್ತು. ಅಡಿಯ ಹಾಸಿಗೆಯ ಮೇಲೆ ಮೇಲಿನ ಹಾಸಿಗೆ ಜಾರುತ್ತಿತ್ತು. ಕೈ ಇಟ್ಟರೆ ಒಂದು ಕಡೆ ಓಡುತ್ತಿತ್ತು. ತಂಗಿಯ ಮುಖದಲ್ಲಿ ಮೊದಲ ಸಲ ಭಯ ಕಾಣಿಸಿತು. ಮೆಟ್ಟಿಲಲ್ಲಿ ಜಾರಿದ ಕಾಲು ಅದು. ಜಾರುವುದೆಂದರೆ ಏನೆಂದು ಅದಕ್ಕೆ ಗೊತ್ತು.

ಗಾಳಿಯಕ್ಕ ತನ್ನ ಚೀಲಕ್ಕೆ ಕೈ ಹಾಕಿದಳು. ಹಳೇ ಟ್ಯೂಬು ಸೀಳಿದ ಪಟ್ಟಿಗಳು ಅವಳ ಚೀಲದಲ್ಲಿ ಯಾವಾಗಲೂ ಇರುತ್ತವೆ, ಏನನ್ನಾದರೂ ಕಟ್ಟಲು ಬೇಕಾಗುತ್ತದೆಂದು. ಒಂದು ಪಟ್ಟಿ ಎತ್ತಿದಳು. ಹಾಕಿಬಿಡಲು ಬಗ್ಗಿದವಳು ತಡೆದು ಕೇಳಿದಳು:

"ಇದು ಹಾಕಲಾ? ರಬ್ಬರು. ಹಿಡ್ಕೊಳ್ಳುತ್ತೆ."

"ಹಾಕು," ಎಂದಳು ತಂಗಿ. ನೆಲಕ್ಕೂ ಹಾಸಿಗೆಗೂ ನಡುವೆ ಕೆಲವು, ಎರಡು ಹಾಸಿಗೆಗಳ ನಡುವೆ ಕೆಲವು. ತಂಗಿ ಅಂಗೈಯಿಂದ ತಳ್ಳಿ ನೋಡಿದಳು. ಮೇಲಿನದು ಅಲ್ಲಾಡಲಿಲ್ಲ.

"ನಿನ್ನ ಹಾಸಿಗೆ ನನಗಾಯ್ತಲ್ಲ, ನೀನು ಎಲ್ಲಿ ಮಲಗ್ತೀಯ?"

ಗಾಳಿಯಕ್ಕ ಹೊರಗೆ ಹೋಗಿ, ಅಂಗಡಿಯಿಂದ ಕಾರಿನ ಮೇಲೆ ಕಟ್ಟಿ ತಂದಿದ್ದ, ಅರ್ಧ ಗಾಳಿ ತುಂಬಿದ ಲಾರಿ ಟ್ಯೂಬೊಂದನ್ನು ಉರುಳಿಸಿಕೊಂಡು ಬಂದು ಟೆಂಟಿನೊಳಗೆ ತುರುಕಿದಳು. ಅದರ ನಡುವಿನ ತೂತಿನಲ್ಲಿ ಕೂತು, ತಲೆ ಒಂದು ಕಡೆ ಕಾಲು ಒಂದು ಕಡೆ ಇಟ್ಟಳು. ತಂಗಿ ದಿಟ್ಟಿಸಿ ನೋಡಿದಳು.

"ಬಾವಿಗೆ ಬಿದ್ದ ಹಾಗಿದ್ದೀಯ."

ಕತ್ತಲಾಯಿತು. ತಂಗಿ ಮಲಗುವ ಮೊದಲು ತುಟಿ ಅಲ್ಲಾಡಿಸುವುದು ಅಕ್ಕನಿಗೆ ಹೊಸದಲ್ಲ. ಏನು ಹೇಳುತ್ತಾಳೆಂದು ಎಂದೂ ಕೇಳಿಸಿಕೊಂಡವಳಲ್ಲ. ಅಂದು ಅಷ್ಟು ಹತ್ತಿರದಲ್ಲಿ, ಬೇರೆ ಸದ್ದಿಲ್ಲದ ಕಡೆ, ಕೇಳಿಸಿತು. "ಇಲ್ಲಿ ಗೋಡೆ ಇಲ್ಲ ದೇವರೇ. ನೀನು ಸ್ವಲ್ಪ ಈ ಕಡೆಗೆ ಇರು."  ಇಷ್ಟು ದಿನ ಆ ಕಡೆಯ ದಿಂಬು ಒತ್ತುತ್ತಿದ್ದವಳು ತಾನು. ಒತ್ತುವಾಗ ಒಂದು ಮಾತು ಕೇಳಿರಲಿಲ್ಲ.

"ನೋವಾ?" ಎಂದಳು ಸ್ವಲ್ಪ ಹೊತ್ತಿಗೆ.

"ಇಲ್ಲ."

ಟ್ಯೂಬು ಕಿರ್ರೆಂದಿತು. "ಥಂಡಿ ಬರ್ತಿದೆಯಾ ಕೆಳಗಿಂದ?"

"ಇಲ್ಲ."

ಮತ್ತೆ ಕಿರ್ರೆಂದಿತು. "ಸ್ವಲ್ಪನೂ ನೋವಿಲ್ವಾ?"

"ಅಕ್ಕ, ನನ್ನ ಬದಲು ಆ ಟ್ಯೂಬೇ ನರಳ್ತಾ ಇದೆ. ಇನ್ನೊಂದ್ಸಲ ಕೇಳಿದ್ರೆ ಅದರ ಸಮೇತ ಕೆರೆಗೆ ಉರುಳಿಸ್ತೀನಿ."

ಆಮೇಲೆ ಕೇಳಲಿಲ್ಲ. ಕೇಳದೆ ಇರುವುದು ಲಾರಿ ಚಕ್ರ ಬಿಚ್ಚುವುದಕ್ಕಿಂತ ಕಷ್ಟವೆಂದು ಅವಳಿಗೆ ಆಗ ತಿಳಿಯಿತು. ಟ್ಯೂಬು ಸದ್ದು ಮಾಡೀತೆಂದು ಕಾಲು ಸಹ ಅಲ್ಲಾಡಿಸಲಿಲ್ಲ. ಮೊದಲು ತೊಡೆ ಜುಮ್ಮೆಂದಿತು, ಆಮೇಲೆ ಬೆನ್ನು. ಹೊರಗೆ ನೀರು ದಂಡೆಗೆ ಬಡಿಯುವುದು, ಒಳಗೆ ತಂಗಿಯ ಉಸಿರು. ಒಮ್ಮೆ ಉಸಿರು ನಿಂತಂತಾಯಿತು, ಮತ್ತೆ ಬಂತು. ಅವಳು ಎಚ್ಚರವಾಗಿದ್ದೂ ಅಷ್ಟು ಹೊತ್ತು ಒಂದೇ ಕಡೆ ಇದ್ದದ್ದು ಬುದ್ಧಿ ಬಂದ ಮೇಲೆ ಅದೇ ಮೊದಲು.

ಟೆಂಟಿನ ಬಟ್ಟೆ ಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ತಂಗಿ ಅಲುಗಿದಳು. ನಿದ್ದೆಯಲ್ಲೇ ಏನೋ ಗೊಣಗಿ, ಮೊಣಕಾಲು ಮಡಿಚಿ, ಬಲಕ್ಕೆ ಹೊರಳಿದಳು. ಆಪರೇಷನ್ ಆದ ಮಗ್ಗುಲಿಗೆ. ಗಾಳಿಯಕ್ಕನ ಕೈ ದಡಕ್ಕನೆ ಎದ್ದಿತು. ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಮುರಿದ ಸೊಂಟ ಹಾಸಿಗೆಯೊಳಗೆ ಇಳಿಯಿತು, ಇಳಿದು ನಿಂತಿತು. ತಂಗಿ ನರಳಲಿಲ್ಲ. ಹಣೆ ಸಹ ಸುಕ್ಕಾಗಲಿಲ್ಲ. ಒಂದು ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು, ಮೊಣಕಾಲನ್ನು ಮುಂದಕ್ಕೆ ಚಾಚಿ ಟ್ಯೂಬಿಗೆ ಒತ್ತಿದಳು. ಆ ಮೊಣಕಾಲು ಅಕ್ಕನ ಬೆನ್ನಿಗೆ ಹಳೇ ಪರಿಚಯದ್ದು.

ಬಲ ಮಗ್ಗುಲು. ಇವಳು ಮೊದಲಿಂದಲೂ ಬಲ ಮಗ್ಗುಲಿಗೇ ಮಲಗುತ್ತಿದ್ದವಳು. ಆ ಹಾಸಿಗೆ ಅಂಗಡಿಯವರಿಗೆ ಹೋಗಿ ಹೇಳಬೇಕು ಎಂದುಕೊಂಡಳು ಗಾಳಿಯಕ್ಕ.

ಬಿಸಿಲು ಬಂದ ಮೇಲೆ ತಂಗಿ ಎದ್ದಳು. ಮೊದಲು ಅಂಗೈ, ಆಮೇಲೆ ಮೊಣಕಾಲು. ಒಂದು ಕ್ಷಣ ಅಲ್ಲೇ ತೂಗಾಡಿದಳು. ಗಾಳಿಯಕ್ಕ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. ತಂಗಿ ಊರುಗೋಲಿಗೆ ತಾನೇ ಕೈ ಚಾಚಿ, ಬಗ್ಗಿಕೊಂಡೇ ಟೆಂಟಿನ ಬಾಯಿ ದಾಟಿ, ಹೊರಗೆ ನೆಟ್ಟಗೆ ನಿಂತಳು. ನೀರಿನ ಕಡೆ ನೋಡಿದಳು.  ತುಟಿ ಮಾತ್ರ ಅಲ್ಲಾಡಿತು.

ಹಾಸಿಗೆ ಮಡಿಸುವಾಗ ಅಕ್ಕ ಮೊದಲು ಕೈ ಹಾಕಿ ಸೋತಳು. ಅವಳು ಸುತ್ತಿದ ಸುರುಳಿ ಚೀಲಕ್ಕಿಂತ ದಪ್ಪವಾಗಿ, ಬಿಟ್ಟರೆ ಬಿಚ್ಚಿಕೊಳ್ಳುತ್ತಿತ್ತು. ತಂಗಿ ಅದನ್ನು ಕಸಿದು, ವಾಲ್ವ್ ತೆಗೆದು, ಉದ್ದಕ್ಕೆ ಎರಡು ಮಡಿಕೆ ಮಾಡಿ, ಮೊಣಕೈಯಿಂದ ಒತ್ತುತ್ತಾ ಒಂದು ತುದಿಯಿಂದ ಸುತ್ತುತ್ತಾ ಹೋದಳು. ಗಾಳಿ ನಿಟ್ಟುಸಿರು ಬಿಟ್ಟಂತೆ ಹೊರಗೆ ಹೋಯಿತು. ಕೊನೆಗೆ ಸುರುಳಿಯ ಮೇಲೆ ಭಾರ ಹಾಕಿ, "ಮುಚ್ಚು," ಎಂದಳು. ಅಕ್ಕ ವಾಲ್ವ್ ತಿರುಗಿಸಿದಳು.

"ಮನೆಗೆ ಹೋದ್ಮೇಲೆ ಬಿಚ್ಚಿ, ವಾಲ್ವ್ ತೆಗೆದು, ಮಂಚದ ಕೆಳಗೆ ಹಾಸಿಡಬೇಕು. ಸುತ್ತೇ ಇಟ್ರೆ ಸ್ಪಂಜು ಸಾಯುತ್ತೆ," ಎಂದಳು ತಂಗಿ. ಕಟ್ಟಿನ ಜೊತೆ ಬಂದ ಚೀಟಿಯನ್ನು ಓದಿದ್ದವಳು ಅವಳೊಬ್ಬಳೇ. "ಕಂಪ್ರೆಸರ್ ತೋರಿಸ್ಬೇಡ ಅಂತನೂ ಬರೆದಿತ್ತು."

ದೂರದಲ್ಲಿ ಮಗಳ ಕಾರು ಧೂಳೆಬ್ಬಿಸಿಕೊಂಡು ಬರುವುದು ಕಾಣಿಸಿತು.

"ಅಕ್ಕ, ನನ್ನ ಕೆಲಸದ ಕಪ್ಪು ಚಪ್ಪಲಿ ಎಲ್ಲಿ?"

ಗಾಳಿಯಕ್ಕ ಲಾರಿ ಟ್ಯೂಬಿನ ಗಾಳಿ ಬಿಡುತ್ತಿದ್ದಳು. ಆ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ಇರಬಹುದಿತ್ತು. "ಅಂಗಡಿ ಅಟ್ಟದ ಮೇಲೆ. ಟೈರುಗಳ ಹಿಂದೆ," ಎಂದಳು.

"ಬಚ್ಚಿಟ್ಟಿದ್ದೆಯಾ?"

"ಮತ್ತೆ ಮೆಟ್ಟಿಲಿಳೀತೀಯಲ್ಲ ಅಂತ... ಹೋಗ್ಲಿ, ಹೋದ ತಕ್ಷಣ ಇಳಿಸಿಕೊಡ್ತೀನಿ."

"ಬೇಡ. ನಾನೇ ಇಳಿಸ್ಕೋತೀನಿ," ಎಂದಳು ತಂಗಿ. "ನೀನು ಸ್ಟೂಲು ಹಿಡ್ಕೊಂಡು ನಿಂತ್ಕೋ, ಸಾಕು."

 ಆ ಅಟ್ಟ, ಆ ಸ್ಟೂಲು, ಆ ಸೊಂಟ, ಮೂರೂ ಗಾಳಿಯಕ್ಕನ ಕಣ್ಣ ಮುಂದೆ ಬಂದವು. ಬೇಡ ಎಂಬ ಮಾತು ತುದಿನಾಲಿಗೆಯವರೆಗೆ ಬಂತು. ಟ್ಯೂಬಿನ ಕೊನೆಯ ಗಾಳಿ ಹೋಗುವವರೆಗೂ ಕಾದಳು.

"ಮೊದಲು ಸ್ಟೂಲ್ ಮೇಲಿರೋ ಡಬ್ಬಿ ಎಲ್ಲಾ ಕೆಳಗಿಳಿಸ್ಬೇಕು," ಎಂದಳು.